ಬಾಗಿಲು ತೆರೆಯದ ಮಾವ

ನಮ್ಮ ಸೋದರಮಾವ ಸ್ನಾನದ ಮನೆಯಲ್ಲೂ ಅಮೆರಿಕದ ಪ್ರಜೆ. ಉಳಿದವರು ಅಲ್ಲಿ ಬರೀ ಮನುಷ್ಯರಾಗಿರುತ್ತಾರೆ. ಇವರ ಪಾಸ್‌ಪೋರ್ಟ್ ಜಿಪ್‌ಲಾಕ್ ಚೀಲದೊಳಗೆ ಷಾಂಪೂ ಬಾಟಲಿಯ ಪಕ್ಕ ಕಾಯುತ್ತಿರುತ್ತದೆ. ಪೌರತ್ವ ಸಿಕ್ಕಿ ಇಪ್ಪತ್ತಾರು ವರ್ಷವಾಯಿತು. ಲಾಸ್ ಏಂಜಲೀಸ್ ಪಕ್ಕದ ಅವರ ವೆಸ್ಟ್ ಕೊವಿನಾದಲ್ಲಿ ಅದನ್ನು ಅನುಮಾನಿಸುವವರಾದರೂ ಯಾರು? ಸ್ವತಃ ಮಾವ!

"ಮೈಯೆಲ್ಲ ಸೋಪಾಗಿರೋವಾಗ ಇಮಿಗ್ರೇಶನ್ನೋರು ಬಂದ್ರೆ ಏನ್ ತೋರಿಸ್ಲಿ?" ಎಂದು ಅತ್ತೆಯನ್ನು ಕೇಳುತ್ತಾರೆ. ಅತ್ತೆ ಕೊಡುವ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ನಿಜವಾಗಿ ಹೆದರಬೇಕಾದವಳು ನಾನು. ಸ್ಯಾನ್ ಡಿಯಾಗೋದಲ್ಲಿ ಕಂಪನಿ ಬದಲಿಸಿದಾಗ ನನ್ನ ವೀಸಾದಲ್ಲಿ ಹತ್ತೊಂಬತ್ತು ದಿನಗಳ ತೂತೊಂದು ಬಿದ್ದಿತ್ತು; ಅಷ್ಟು ದಿನ ಆ ದೇಶದಲ್ಲಿರಲು ನನಗೆ ಅನುಮತಿ ಇರಲಿಲ್ಲ. ನವೆಂಬರಿನಲ್ಲಿ ಗ್ರೀನ್ ಕಾರ್ಡಿನ ಸಂದರ್ಶನ. ಅಷ್ಟನ್ನು ಕಾನೂನು ಮನ್ನಿಸುತ್ತದೆ ಎಂದರು ನನ್ನ ವಕೀಲೆ. ಆಮೇಲೆ "ಇಷ್ಟು ದಿನ ಮನ್ನಿಸುತ್ತಿತ್ತು" ಎಂದು ತಿದ್ದಿದರು. ಹೋದವರನ್ನು ಸಂದರ್ಶನದ ಕೋಣೆಯಿಂದಲೇ ಬಂಧಿಸಿ ಕರೆದೊಯ್ಯುತ್ತಿದ್ದ ಕಾಲ ಅದು.

ಆ ಬೇಸಿಗೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಮಿಗ್ರೇಶನ್ ಅಧಿಕಾರಿಗಳು ವಲಸಿಗರನ್ನು ಹಿಡಿಯಲು ಲಾಸ್ ಏಂಜಲೀಸಿನ ಸುತ್ತಮುತ್ತ ಓಡಾಡತೊಡಗಿದಾಗ ಮಾವನ ಬೀದಿ ಇದ್ದಕ್ಕಿದ್ದಂತೆ ಮೌನವಾಯಿತು. ಹುಲ್ಲು ಕತ್ತರಿಸುವ ಯಂತ್ರಗಳು ನಿಂತವು. ಹುಲ್ಲು ಮಾತ್ರ ಬೆಳೆಯುತ್ತಲೇ ಇತ್ತು. ಮೂಲೆಯಲ್ಲಿ ಹಣ್ಣು ಮಾರುತ್ತಿದ್ದವಳ ಗಾಡಿ ಒಂದು ಮಧ್ಯಾಹ್ನ ಕೊಡೆ ಬಿಚ್ಚಿಕೊಂಡು ಒಂಟಿಯಾಗಿ ನಿಂತಿತ್ತು. ಅರ್ಧ ಹೆಚ್ಚಿದ ಮಾವಿನ ಹಣ್ಣಿನಲ್ಲಿ ಚಾಕು ಹಾಗೇ ಇತ್ತು.

ಅಂದಿನಿಂದ ಮಾವ ಬಾಗಿಲು ತೆರೆಯುವುದನ್ನೇ ಬಿಟ್ಟರು. ಬೆಲ್ ಆದರೆ ದೀಪ ಆರಿಸಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಕೆಳಗಿನ ಸಂದಿಯಿಂದ ಒಂದು ಕೆಂಪು ಕಾರ್ಡು ಹೊರಗೆ ತೆವಳುತ್ತದೆ: ನ್ಯಾಯಾಧೀಶರ ಸಹಿಯಿರುವ ವಾರಂಟ್ ಇಲ್ಲದೆ ಒಳಗೆ ಬರುವಂತಿಲ್ಲ. ಪಿಜ್ಜಾ ತಂದವನಿಗೆ ಇದು ಸಿಕ್ಕಿದೆ. ನನಗೆ ಮೂರು ಸಲ ಸಿಕ್ಕಿದೆ. ಸ್ವಂತ ಮಗನಿಗೂ ಸಿಕ್ಕಿ, ಅವನು "ಡ್ಯಾಡ್, ಐ ಲಿವ್ ಹಿಯರ್" ಎಂದದ್ದಕ್ಕೆ ಕತ್ತಲೊಳಗಿಂದ "ಪ್ರೂಫ್?" ಎಂದಷ್ಟೇ ಕೇಳಿಸಿತಂತೆ!

ವರಮಹಾಲಕ್ಷ್ಮಿ ಹಬ್ಬದಂದು ಅತ್ತೆ ಕಟ್ಟಿಟ್ಟ ತಾಂಬೂಲದ ಚೀಲಗಳಲ್ಲಿ, ತೆಂಗಿನಕಾಯಿಗೂ ರವಿಕೆ ಕಣಕ್ಕೂ ನಡುವೆ, ಮಾವ ಗುಟ್ಟಾಗಿ ಒಂದೊಂದು ಕಾರ್ಡು ಸೇರಿಸಿದರು. ಮದುವೆ ಕಾಗದಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಶಿನ ಬೇರೆ! ಲಾಂಗ್ ಬೀಚಿನಿಂದ ಬಂದಿದ್ದ ಡಾಕ್ಟರ್ ಆಂಟಿಗೆ ಅವಮಾನವಾಯಿತು.

"ಅಲ್ಲಾ ರೀ, ನಾವೆಲ್ಲ ಲೀಗಲ್ಲಾಗಿ ಬಂದೋರು. ನಮಗ್ಯಾಕೆ ಇದು?"

"ಬಾಗಿಲು ಬಡಿಯೋರಿಗೆ ಅದು ಹೊರಗಿಂದ ಕಾಣಲ್ವಲ್ಲಮ್ಮ," ಎಂದರು ಮಾವ.

ಆ ಚೀಲವನ್ನು ಆಂಟಿ ಮರೆತು ಹೋದರು. ಕಾರ್ಡನ್ನು ಮಾತ್ರ ಮರೆಯದೆ ಒಯ್ದಿದ್ದರು.

ಸಂದರ್ಶನದ ದಿನ ಮಾವ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಬಂದರು. ಕಾಯುವ ಕೋಣೆಯ ಗೋಡೆಗೆ ಒರಗಿ ಮುಖ ಮುಚ್ಚಿದ ಇಬ್ಬರು ನಿಂತಿದ್ದರು. ಯಾರ ಹೆಸರು ಕರೆದರೂ ಅವರ ಕಣ್ಣು ಮಾತ್ರ ಹೊರಳುತ್ತಿತ್ತು.

ಒಳಗೆ ಅಧಿಕಾರಿ ಆ ಹತ್ತೊಂಬತ್ತು ದಿನಗಳ ಬಗ್ಗೆ ಎರಡು ಸಲ ಕೇಳಿದರು, ಏನೋ ಟೈಪ್ ಮಾಡಿದರು, ತೀರ್ಮಾನ ಅಂಚೆಯಲ್ಲಿ ಬರುತ್ತದೆ, ಹೋಗಬಹುದು ಎಂದರು. ಹೊರಗೆ ಬಂದರೆ ಗೋಡೆಯ ಬಳಿ ಯಾರೂ ಇರಲಿಲ್ಲ. ಮಾವನ ಕುರ್ಚಿಯೂ ಖಾಲಿ. ಅದರ ಮೇಲೆ ಅವರ ಕನ್ನಡಕದ ಡಬ್ಬಿ ಇತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಇಷ್ಟು ತಿಂಗಳು ನಾನು ಇವರನ್ನು ನೋಡಿ ನಕ್ಕಿದ್ದೆನಲ್ಲವೇ?

ಅವರು ಸಿಕ್ಕಿದ್ದು ಕಟ್ಟಡದ ಹಿಂದೆ, ಹಿಡಿದವರನ್ನು ಒಯ್ಯುವ ವ್ಯಾನುಗಳು ಹೊರಡುವ ಗೇಟಿನ ಎದುರು, ಬಿಸಿಲಿನಲ್ಲಿ. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಪೆನ್ನಿನಲ್ಲಿ ಬರೆದ ನಂಬರ್ ಪ್ಲೇಟುಗಳು. ನಂಬರ್ ಇಲ್ಲದ ವ್ಯಾನುಗಳಿಗೆ ಬಣ್ಣ, ಗಂಟೆ, ನಿಮಿಷ.

"ನೀನು ಮುಂಬಾಗಿಲಲ್ಲಿ ಬಂದ್ರೆ ಹೇಗೂ ನನ್ನ ಹುಡುಕ್ಕೊಂಡ್ ಬರ್ತೀಯ," ಎಂದರು. "ಹಿಂಬಾಗಿಲಿಂದ ನಿನ್ನ ಕರ್ಕೊಂಡ್ ಹೋದ್ರೆ, ಯಾವ ಗಾಡಿ ಅಂತ ನಿಮ್ಮಮ್ಮಂಗೆ ಹೇಳೋಕೆ ಒಬ್ರಾದ್ರೂ ನೋಡಿರ್ಬೇಕಲ್ಲ, ಪುಟ್ಟಿ."

ಊಟಕ್ಕೆ ಮುಂಚೆ ಅವರನ್ನು ಕೈ ತೊಳೆಯಲು ಬಿಡಲಿಲ್ಲ. ಮೊದಲು ಅಷ್ಟೂ ನಂಬರುಗಳನ್ನು ಕಾಗದಕ್ಕೆ ಇಳಿಸಿಕೊಂಡೆ. ಇನ್ಯಾರದೋ ಅಮ್ಮ ಕೇಳಬಹುದು.