ಹಿತ್ತಲ ಪತ್ರಾಸಿನ ಖೋಲಿಗೆ ಕರೆಂಟು

ಮನೆಗೆ ಕರೆಂಟು ಬಂದ ಕೂಡಲೇ ಯಜಮಾನನ ತಲೆ ಕೆಡುತ್ತದೆ. ಗೋಕಾಕದಲ್ಲಿ ವೈರ್‌ಮನ್ ಆಗಿ ದುಡಿದ ನಾನು ಇದನ್ನು ಎಷ್ಟು ಮನೆಗಳಲ್ಲಿ ಕಂಡಿದ್ದೇನೋ! ಹುಕ್ಕೇರಿ, ಮೂಡಲಗಿ ಕಡೆ ಇನ್ನೂ ಕಂದೀಲು ಉರಿಯುತ್ತಿದ್ದ ಕಾಲ ಅದು, ಎರಡನೇ ಮಹಾಯುದ್ಧಕ್ಕೆ ಮುಂಚೆ. ನಮ್ಮೂರಲ್ಲಿ ಎರಡು ಬಲ್ಬು ಹಾಕಿಸಿಕೊಂಡವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಥವರಲ್ಲೆಲ್ಲ ಬೆಲ್ಲದ ಸಾವಕಾರನನ್ನು ಮೀರಿಸಿದವರಿಲ್ಲ.

೧. ಕಾಣಬೇಕಾದ ತಂತಿ

ಸಾವಕಾರನಿಗೆ ಒಬ್ಬಳೇ ಮಗಳು. ಹುಕ್ಕೇರಿ ಕಡೆಯ ಒಂದು ಒಕ್ಕಲು ಮನೆತನದವರು ಅವಳನ್ನು ನೋಡಲು ಬರುವವರಿದ್ದರು. ಒಳ್ಳೆಯ ಹುಡುಗ. ಈ ಸಂಬಂಧ ಕೈತಪ್ಪಬಾರದೆಂದು ಸಾವಕಾರನಿಗೆ ಊಟ ಸೇರುತ್ತಿರಲಿಲ್ಲ. ಬೀಗರನ್ನು ಬೆರಗುಗೊಳಿಸಲು ಅವನಿಗೆ ಹೊಳೆದ ಉಪಾಯವೆಂದರೆ, ಹಿತ್ತಲಲ್ಲಿ ಗುದ್ದಲಿ, ಸಲಿಕೆ ತುಂಬಿಟ್ಟ ತಗಡು ಹೊದಿಸಿದ ಪತ್ರಾಸಿನ ಖೋಲಿಗೂ ಲೈಟು ಹಾಕಿಸುವುದು.

"ಅಡಗಿಮನಿ ಹಿಂದಿನಿಂದ ನೆಲದಾಗ ಪೈಪ ಹುಗದು ತಂತಿ ಒಯ್ಯೂಣ್ರಿ" ಎಂದೆ.

"ಹುಗದ್ರ ಬೀಗರಿಗೆ ಹೆಂಗ ಕಾಣ್ತೈತೋ ಮಿಸ್ತ್ರಿ?"

"ತಂತಿ ಯಾಕ ಕಾಣಬೇಕ್ರಿ? ಲೈಟ ಕಾಣ್ತೈತಲ್ರಿ."

"ಲೈಟ ಸಂಜಿಗಷ್ಟ ಕಾಣ್ತೈತಿ. ತಂತಿ ಹಗಲೆಲ್ಲಾ ಕಾಣ್ತೈತಿ. ಕಂಬ ಹಾಕು!"

ಹಿತ್ತಲ ಬಾಗಿಲಿನಿಂದ ಕೂಗಿದರೆ ಕೇಳುವಷ್ಟು ದೂರದ ಖೋಲಿ. ಅದಕ್ಕೆ ಹೋಗುವ ತಂತಿ ಓಣಿಯ ಕಡೆಯ ತಲೆಬಾಗಿಲಿಂದ ಹೊರಟು, ಕಂಬದ ಮೇಲೆ ಇಡೀ ಮನೆಯನ್ನು ಸುತ್ತಿ ಹಿತ್ತಲು ಸೇರಬೇಕೆಂದು ಗೆರೆ ಎಳೆದುಕೊಟ್ಟ. ಅದನ್ನು ಕೇಳಿದ ಬಾಜೂ ಮನೆಯವ, "ಸಾವಕಾರ್ರ, ನಿಮ್ಮ ಕರೆಂಟ ಪ್ರದಕ್ಷಿಣಿ ಹಾಕೇ ಒಳಗ ಹೋಗ್ತೈತೇನ್ರಿ?" ಎಂದ. ಸಾವಕಾರ ಅದನ್ನೂ ಹೊಗಳಿಕೆ ಎಂದುಕೊಂಡು ಮೀಸೆ ತಿರುವಿದ.

೨. ಎತ್ತಿನ ಸೂಟಿ

ಬಡಗಿಯ ಹತ್ತಿರ ಕಂಬಗಳು ಸಿದ್ಧವಾದದ್ದು ಸೋಮವಾರ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ, ಎತ್ತಿಗೆ ಸೂಟಿ. ಒಳ್ಳೆಯ ರೂಢಿ. ನಾಳೆ ತಂದರಾಯಿತು ಎಂದೆ. ಸಾವಕಾರನಿಗೆ ತಡೆಯಬೇಕಲ್ಲ! ಎತ್ತುಗಳನ್ನು ನೆರಳಲ್ಲಿ ಕಟ್ಟಿ, ಹಿಂಡಿ ಇಟ್ಟು, ಕೈಮುಗಿದ. ಆಮೇಲೆ ತನ್ನ ಆಳುಗಳನ್ನು ಕರೆದು ಬಂಡಿ ಎಳೆಯಲು ಹಚ್ಚಿದ.

ಬಿಸಿಲಲ್ಲಿ ಕಂಬ ಎಳೆದು ತಂದು ಅವರು ಏದುಸಿರು ಬಿಡುತ್ತಿದ್ದರೆ, ಇವನು ಕಟ್ಟೆಯ ಮೇಲೆ ಕೂತು ನನಗೆ ಧರ್ಮ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಆಳುಗಳಲ್ಲಿ ಹಿರಿಯವ ಬೆವರು ಒರೆಸಿಕೊಳ್ಳುತ್ತ ಕೇಳಿದ: "ಸಾವಕಾರ್ರ, ಸಂಜಿಗೆ ನಮಗೂ ಹಿಂಡಿ ಇಡ್ತೀರೇನ್ರಿ?"

೩. ಸ್ವಿಚ್ಚಿನ ಪೂಜೆ

ಖೋಲಿಯಲ್ಲಿ ಹಿತ್ತಾಳೆ ಮುಚ್ಚಳದ ಸ್ವಿಚ್ಚು ಕೂಡಿಸಿ, ಹಸಿ ಕೈ ಹಚ್ಚಬೇಡಿ ಎಂದು ಸಾರಿ ಸಾರಿ ಹೇಳಿ, ಕರೆಂಟು ಬಿಟ್ಟು ನೋಡಲು ತಲೆಬಾಗಿಲಿಗೆ ಹೋದೆ. ಅಷ್ಟರಲ್ಲಿ ಸಾವಕಾರ ಸ್ನಾನ ಮಾಡಿ ಬಂದ. ಹೊಸದು ಏನು ಬಂದರೂ ಮೊದಲು ಪೂಜೆಯಾಗಬೇಕು. ಮುಚ್ಚಳ ತಿರುಗಿಸಿ ತೆಗೆದು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಒಳಗೇ ಬಳಿಯಲು ಹೋದ.

ಒದರಿದ್ದು ಕೇಳಿ ಓಡಿ ಬಂದೆ. ಸಾವಕಾರ ಹೊಟ್ಟಿನ ಚೀಲಗಳ ಮೇಲೆ ಬಿದ್ದಿದ್ದ. ಜೀವಕ್ಕೆ ಏನೂ ಆಗಿರಲಿಲ್ಲ. ವಿಭೂತಿ ಮಾತ್ರ ಮುಖದ ತುಂಬ ಆಗಿತ್ತು. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಇಷ್ಟ ವರ್ಷ ಪೂಜಿ ಮಾಡಿದ್ರಿ. ಯಾವ ದೇವರೂ ಇಷ್ಟ ಲಗೂ ಒಲದಿದ್ದಿಲ್ಲ ನೋಡ್ರಿ" ಎಂದಳು.

೪. ಬೀಗರು ಕಂಡ ಬೆಳಕು

ಕರೆಂಟು ಹೊಡೆದ ಮೇಲಾದರೂ ಬುದ್ಧಿ ಬರಬೇಕಿತ್ತು. ಬಂದದ್ದು ಸಿದ್ಧಾಂತ. "ಇದು ಎತ್ತಿನಂಗ ಹಾಯ್ತೈತಿ. ಇದಕ್ಕೂ ಸೋಮವಾರ ಸೂಟಿ ಕೊಡಬೇಕು" ಎಂದ. ಸೋಮವಾರ ಲೈಟು ಹಚ್ಚುವುದಿಲ್ಲವೆಂದು ಓಣಿಗೆಲ್ಲ ಸಾರಿ, ಮಠದಲ್ಲೂ ಹೇಳಿ ಶಾಭಾಸ್ ಅನ್ನಿಸಿಕೊಂಡ.

ಒಕ್ಕಲುತನದವರಿಗೆ ಹೊಲದ ಕೆಲಸವಿಲ್ಲದ ದಿನ ಯಾವುದು? ಹುಕ್ಕೇರಿಯವರು ಮೋಟಾರು ಹತ್ತಿ ಸೋಮವಾರವೇ ಬಂದರು.

ಮುಸ್ಸಂಜೆಗೆ ಸಾವಕಾರ ಹುಡುಗನ ತಂದೆಯನ್ನು ಖೋಲಿಗೆ ಕರೆತಂದ. ಮಿಸ್ತ್ರಿಯೂ ಕಾಣಲಿ ಎಂದು ನನ್ನನ್ನೂ ನಿಲ್ಲಿಸಿದ್ದ. ಸ್ವಿಚ್ಚಿಗೆ ಕೈ ಚಾಚಿದ. "ರೀ, ಸೋಮವಾರ!" ಎಂದಳು ಹೆಂಡತಿ. ಹಿತ್ತಲ ಗೋಡೆಯ ಮೇಲಿಂದ ಅರ್ಧ ಓಣಿ ಇಣುಕುತ್ತಿತ್ತು. ಕೈ ಹಿಂದಕ್ಕೆ ಬಂತು.

"ಏ ತಂಗಿ, ಕಂದೀಲ ತಾರವ್ವಾ!" ಎಂದು ಮಗಳನ್ನು ಕರೆದ.

ಮಗಳು ಕಂದೀಲು ತಂದಳು. ಅಲ್ಲೇ ಅದರ ಗಾಜನ್ನು ಸೆರಗಿನಿಂದ ಫಳಫಳ ಒರೆಸಿ, ಬತ್ತಿ ಏರಿಸಿ, ಬಲ್ಬಿನ ಹತ್ತಿರ ಎತ್ತಿ ಹಿಡಿದಳು. ಕಂದೀಲಿನ ಬೆಳಕಿನಲ್ಲಿ ಸಾವಕಾರ ಬೀಗರಿಗೆ ಬಲ್ಬು ತೋರಿಸಿದ! "ಇದು ಹತ್ತಿದ್ರ ಖೋಲಿ ಹಗಲಾಗ್ತೈತ್ರಿ" ಎಂದ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಬೀಗರು ಬಹಳ ಹೊತ್ತು ನೋಡಿದರು. "ಭಾಳ ಛಲೋ ಐತ್ರಿ."

"ಬಲ್ಬ ಏನ್ರಿ?"

"ಅಲ್ರಿ, ಕಂದೀಲ. ಖರೆ ಹೇಳ್ತೇನಿ ಸಾವಕಾರ್ರ, ಆ ಕಂಬಾ ತಂತಿ ನೋಡಿ ಓಣಿಯಿಂದನ ಹೊಳ್ಳಿ ಹೋಗಾಕ ನಿಂತಿದ್ನಿ. ಲೈಟಿನ್ಯಾಗ ಬೆಳದಾಕಿ ನಮ್ಮ ಕತ್ತಲ ಮನ್ಯಾಗ ಹೆಂಗ ಬಾಳ್ವೆ ಮಾಡ್ಯಾಳು ಅಂತ. ಕಾಜು ಒರಸೂದು ನೋಡಿ ಚಿಂತಿ ಹೋತು. ಹುಡುಗಿ ನಮಗ ಒಪ್ಪಿಗಿ."

ಹುಡುಗಿ ತಲೆ ತಗ್ಗಿಸಿ ನಕ್ಕಳು. ನನಗೂ ಅವಳ ಪಾಲಿಗೆ ಸಂತೋಷವಾಯಿತು.

ಮರುದಿನ ಬಜಾರದಲ್ಲಿ ಸಾವಕಾರ ಎದೆ ಉಬ್ಬಿಸಿ ಸಾರುತ್ತಿದ್ದ: "ನಮ್ಮ ಖೋಲ್ಯಾಗಿನ ಲೈಟ ನೋಡಿ ಬೀಗರು ಬೆರಗಾಗಿ ನಿಂತ್ರು. ನಿಂತಲ್ಲೇ ಒಪ್ಪಿದ್ರು!"