ಸಾಯಿರಾಳ ಪಾಲಿನ ಗಾಳಿ

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಕೂಲರ್.

ಮೇ ತಿಂಗಳಲ್ಲಿ ವಾಡಿಯ ಕಲ್ಲಿನ ಮಾಳಿಗೆಗಳು ರೊಟ್ಟಿ ಹಂಚಿನ ಹಾಗೆ ಕಾಯುತ್ತವೆ. ಅಂಥ ಮಾಳಿಗೆಯ ಕೆಳಗೆ, ಕಾಲಿನಲ್ಲಿ ಬಲವಿಲ್ಲದೆ ಇಡೀ ದಿನ ಗಾಲಿಕುರ್ಚಿಯಲ್ಲಿ ಕೂರುವ ಸಾಯಿರಾ ಒಂದು ಕೂಲರ್ ಕೇಳಿದ್ದು ತಪ್ಪಲ್ಲ. ತಂದುಕೊಟ್ಟ ಜಯತೀರ್ಥರಾಯರದೂ ತಪ್ಪಲ್ಲ. ಅವಳ ಅಪ್ಪ ಅಮೀರ್ ಅಲಿ ಸಾಯುವ ಮುಂಚೆ ತನ್ನ ದುಡಿಮೆಯನ್ನೆಲ್ಲ ಮಗಳಿಗಾಗಿ ಟ್ರಸ್ಟ್ ಮಾಡಿಟ್ಟು, ಅದರ ಉಸ್ತುವಾರಿಯನ್ನು ರಾಯರ ಕೈಗೆ ಹಾಕಿ ಕಣ್ಣು ಮುಚ್ಚಿದ್ದ. ಅವನು ರೈಲ್ವೆಯ ಲೋಕೋ ಶೆಡ್ಡಿನಲ್ಲಿ, ಇವರು ಪಾರ್ಸೆಲ್ ಆಫೀಸಿನಲ್ಲಿ. ಗಾಡಿಗಳಿಗೆ ಇಂಜಿನ್ ಬದಲಾಗುವ ಹೊತ್ತಿನಲ್ಲಿ ಒಂದೇ ಚಹಾ ತರಿಸಿ, ಒಬ್ಬ ಕಪ್ಪಿನಲ್ಲಿ ಒಬ್ಬ ಬಸಿಯಲ್ಲಿ ಕುಡಿದ ಸ್ನೇಹ ಅದು. ಈಗ ಆ ಶೆಡ್ಡೂ ಇಲ್ಲ, ಹೊಗೆಯೂ ಇಲ್ಲ, ಅಮೀರ್ ಅಲಿಯೂ ಇಲ್ಲ. ರಾಯರ ಪಾಲಿಗೆ ಉಳಿದದ್ದು ಈ ಉಸ್ತುವಾರಿಯೊಂದೇ.

ಅದಕ್ಕೂ ಕುತ್ತು ಬಂತು. ಒಂದು ದಿನ ಬೆಳಿಗ್ಗೆ ಚಿತ್ತಾಪುರದ ವಕೀಲರು ಫೋನು ಮಾಡಿ, ಟ್ರಸ್ಟಿನ ಖರ್ಚು ತಪಾಸಣೆಗೆ ರಮೇಶಕುಮಾರ ಎಂಬ ಆಡಿಟರು ಸಂಜೆ ಬರುತ್ತಾರೆಂದರು. ಟ್ರಸ್ಟಿನ ದುಡ್ಡಿನಲ್ಲಿ ತಂದದ್ದರ ಸುಖ ಸಾಯಿರಾಳಿಗೆ ಮಾತ್ರ ಸೇರಬೇಕು, ಊರಿನವರೆಲ್ಲ ಉಂಡರೆ ಉಸ್ತುವಾರಿ ಬೇರೆಯವರಿಗೆ ಹೋಗುತ್ತದೆ ಎಂದೂ ಸೇರಿಸಿದರು. ನಾಳೆ ಮೇಲೆ ಹೋದಾಗ ಅಮೀರ್ ಅಲಿಗೆ ಯಾವ ಮುಖ ತೋರಿಸಲಿ ಎಂದುಕೊಂಡ ರಾಯರು ಚಪ್ಪಲಿ ಮೆಟ್ಟಿ ಓಡಿದರು.

ಸಾಯಿರಾಳ ಪಡಸಾಲೆಯಲ್ಲಿ ಜಾತ್ರೆ ನೆರೆದಿತ್ತು. ಪಕ್ಕದ ಮನೆಯ ದರ್ಜಿ ಗನಿಸಾಬ ಹೊಲಿಗೆ ಮೆಷಿನ್ನನ್ನೇ ಹೊತ್ತು ತಂದು ಗಾಳಿಗೆ ಹಾಕಿಕೊಂಡಿದ್ದ. ಎದುರು ಮನೆಯ ಹಮೀದಾಬಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಿವೃತ್ತ ಗ್ಯಾಂಗ್‌ಮನ್ ವಿಠೋಬಾ ಕೂಲರಿಗೆ ಕಾಲು ಕೊಟ್ಟು ಗೊರಕೆ ಹೊಡೆಯುತ್ತಿದ್ದ. ಎಲ್ಲರ ನಡುವೆ ಮೆಂತ್ಯ ಸೋಸುತ್ತ ಕೂತಾಕೆ ಸ್ವತಃ ರಾಯರ ಧರ್ಮಪತ್ನಿ ಶಾರದಾಬಾಯಿ.

ರಾಯರು ಮೊದಲು ಕೂಲರಿನ ಬಾಯಿಯನ್ನು ಸಾಯಿರಾಳ ಕಡೆಗೆ ತಿರುಗಿಸಿದರು. ಅವಳು ಸಾಲಾಗಿ ಏಳು ಸಲ ಸೀನಿದಳು, ಮಂದಿ ಅವಳ ಬೆನ್ನ ಹಿಂದೆ ಹೋಗಿ ಕೂತರು. ಆಮೇಲೆ ರಾಯರು ಸೀಮೆಸುಣ್ಣ ಹುಡುಕಿ ನೆಲದ ಮೇಲೆ ಗೆರೆ ಎಳೆದು, ಇದರ ಆಚೆಗಿನ ಗಾಳಿ ಸಾಯಿರಾಳದು, ಯಾರೂ ದಾಟಬಾರದು ಎಂದು ಸಾರಿದರು.

ಗನಿಸಾಬ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ. "ರಾಯ್ರೇ, ಗೆರಿ ನಮಗ ಕಾಣಸ್ತದ. ಗಾಳಿಗಿ ಕಾಣಸ್ತದೇನ್ರಿ?"

ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು ಅದು. ರಾಯರು ಒಮ್ಮೆ ಗದರಿದ್ದೇ ಎಲ್ಲರೂ ಎದ್ದರು. ವಿಠೋಬಾ ನಿದ್ದೆಗಣ್ಣಲ್ಲೇ ಹೊರಬಿದ್ದ. ಶಾರದಾಬಾಯಿ ಮೆಂತ್ಯದ ಬುಟ್ಟಿ ಎತ್ತಿಕೊಂಡು, "ಹಂಗಾದ್ರ ಇವತ್ತಿನ ಅಡಗಿನೂ ನನ್ನೊಬ್ಬಾಕಿಗೇ" ಎಂದು ನಡೆದೇಬಿಟ್ಟಳು.

ಮನೆ ಖಾಲಿಯಾಯಿತು. ಗಾಳಿ ಈಗ ಕಾಯ್ದೆಯ ಪ್ರಕಾರ ಬೀಸತೊಡಗಿತು. ಸಾಯಿರಾ ಕುರ್ಚಿ ತಳ್ಳಿಕೊಂಡು ಹೋಗಿ ಕೂಲರನ್ನು ಆರಿಸಿದಳು.

ರಾಯರು ಗಾಬರಿಯಾಗಿ, "ಯಾಕ ಬೇಟಿ?" ಎಂದರು.

"ನನಗ ಗಾಳಿ ಎಲ್ಲಿ ಬೇಕಾಗಿತ್ತು ಕಾಕಾ, ಮಂದಿ ಬೇಕಾಗಿತ್ತು" ಎಂದಳು ಸಾಯಿರಾ. "ಅಬ್ಬಾ ಬ್ಯಾಸಗಿದಾಗ ಕ್ವಾರ್ಟರ್ಸ್ ಬಾಗಲಿಗಿ ಖಸ್ ತಟ್ಟಿ ಕಟ್ಟಿ ನೀರು ಹೊಡೀತಿದ್ರಲ್ಲ, ಯಾಕಂತೀರಿ? ನನಗ ಹೊರಗ ಹೋಗಿ ಆಡ್ಲಿಕ್ಕಿ ಆಗ್ತಿರಲಿಲ್ಲ. ತಂಪಿಗಾರೆ ಹುಡುಗ್ರು ಒಳಗ ಬರ್ಲಿ ಅಂತ."

ಒದ್ದೆ ಲಾವಂಚದ ತಟ್ಟಿಯ ಆ ವಾಸನೆ ರಾಯರ ಮೂಗಿಗೆ ಬಂದಂತಾಯಿತು. ಇಡೀ ಕ್ವಾರ್ಟರ್ಸಿನ ಮಕ್ಕಳು ಆ ಮಂದ ಬೆಳಕಿನಲ್ಲಿ ಚೌಕಾಬಾರಾ ಆಡುತ್ತಿದ್ದದ್ದು, ತಾವೇ ತಮ್ಮ ಮಗನನ್ನು ಹೆಗಲ ಮೇಲೆ ತಂದು ಬಿಡುತ್ತಿದ್ದದ್ದು ಕಣ್ಣಮುಂದೆ ಹಾದವು. ಅಮೀರ್ ಅಲಿಗೆ ಸೆಕೆ ತಡೆಯುವುದಿಲ್ಲ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು. ಉರಿಯುವ ಬಾಯ್ಲರಿನ ಮುಂದೆ ದುಡಿದ ಮನುಷ್ಯನಿಗೆ ಎಲ್ಲಿಯ ಸೆಕೆ? ಇಷ್ಟು ಹತ್ತಿರದ ಗೆಳೆಯನನ್ನು ಇಷ್ಟು ತಡವಾಗಿ ಅರಿತೆನಲ್ಲ ಎಂದು ರಾಯರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಮಟಮಟ ಮಧ್ಯಾಹ್ನ, ಹಸಿದ ಹೊಟ್ಟೆಯಲ್ಲಿ ಮನೆಮನೆ ತಿರುಗುವ ಪಾಳಿ ಈಗ ರಾಯರದು. ಗನಿಸಾಬನ ಮೆಷಿನ್ನನ್ನು ತಾವೇ ಹೊತ್ತರು. ತಲೆನೋವೆಂದು ಮಲಗಿದ್ದ ಹಮೀದಾಬಿಗೆ ಝಂಡು ಬಾಮು ತಂದುಕೊಟ್ಟರು. ವಿಠೋಬಾನನ್ನು ಎಬ್ಬಿಸಿ, ಕೂಲರಿನ ಮುಂದೆ ಮತ್ತೆ ಮಲಗಲು ಕೈಹಿಡಿದು ಕರೆತಂದರು. ಶಾರದಾಬಾಯಿ ಎಲ್ಲರೆದುರು ತಪ್ಪಾಯಿತೆನ್ನಬೇಕೆಂದಳು, ರಾಯರು ಅದನ್ನೂ ಅಂದರು. ನಾಲ್ಕೂವರೆಗೆ ಪಡಸಾಲೆ ಮತ್ತೆ ತುಂಬಿತು, ಕೂಲರ್ ಮತ್ತೆ ಶುರುವಾಯಿತು, ಸಾಯಿರಾಳ ಮುಖವೂ ಅರಳಿತು.

ಐದಕ್ಕೆ ರಮೇಶಕುಮಾರ ಬಂದವನು ಬೆವರೊರೆಸಿಕೊಳ್ಳುತ್ತ ಸೀದಾ ಕೂಲರಿನ ಎದುರೇ ಕೂತ. ಮಂದಿಯನ್ನು ಎಣಿಸಿ ಹುಬ್ಬೇರಿಸಿದ. ರಾಯರು ಈ ಸಲ ಹೆದರಲಿಲ್ಲ.

"ಈ ಮಂದೀನೇ ಅಕಿ ಗರಜು ಅದ್ರಿ ಸಾಹೇಬ್ರ. ಕೂಲರ್ ಬರೇ ನೆಪ. ಅಕಿಗಿ ಹೊರಗ ಹೋಗ್ಲಿಕ್ಕಿ ಆಗಲ್ಲ, ಅದಕ್ಕ ಹೊರಗಿಂದು ಒಳಗ ಬರಬೇಕು."

ಆಡಿಟರು ಕಾಗದ ತಿರುವಿದ, ಸಾಯಿರಾಳನ್ನು ನಾಲ್ಕು ಮಾತು ಕೇಳಿದ, ಕಾಲರ್ ಬಿಚ್ಚಿಕೊಂಡು ಸ್ವಲ್ಪ ಯೋಚಿಸಿದ. ನಾಲ್ಕು ಜನರ ಜೊತೆ ಇರುವುದೂ ಆಕೆಯ ಅಗತ್ಯವೇ, ಖರ್ಚು ಸರಿಯಾಗಿದೆ ಎಂದು ಬರೆದು ಸಹಿ ಹಾಕಿದ.

ರಾಯರಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಎತ್ತಿದ ಕಾಲು ಊರಿರಲಿಲ್ಲ. ಒಂದು ಕುರ್ಚಿ ಎಳೆದು, ಅಂಗಿಯ ಗುಂಡಿ ಬಿಚ್ಚಿ, ಗಾಳಿಗೆ ಎದೆಯೊಡ್ಡಿ ಕೂತರು.

ಆಡಿಟರು ಪೆನ್ನೆತ್ತಿದ. "ರಾಯ್ರೇ, ಒಂದು ಮಾತು. ಅಕಿ ಮನಿಗಿ ಮೆಹಮಾನರು ಎಷ್ಟಾರೆ ಬರ್ಲಿ, ಚಲ್ತದ. ಆದ್ರ ಉಸ್ತುವಾರಿ ಮಾಡವ್ರಿಗಿ ಮಾತ್ರ ಟ್ರಸ್ಟಿಂದು ಕೂದಲೆಳಿಯಷ್ಟೂ ಸುಖ ಸಿಗಬಾರದು. ಆ ಕಾಯ್ದಾ ಭಾಳ ಕಡಕ್ ಅದ."

"ಮತ್ತ ನಿಮಗ ಸಿಗ್ಲಿಕತ್ತದಲ್ರಿ?" ಎಂದರು ರಾಯರು.

"ನಾ ಇವತ್ತು ಅಕಿ ಮೆಹಮಾನ್ ಇದ್ದೀನ್ರಿ" ಎಂದ ರಮೇಶಕುಮಾರ, ಹಮೀದಾಬಿ ಕೊಟ್ಟ ಚಹಾ ತೆಗೆದುಕೊಳ್ಳುತ್ತ.

ಕಾಯ್ದೆ ಕಾಯ್ದೆಯೇ. ರಾಯರು ಕುರ್ಚಿ ಎತ್ತಿಕೊಂಡು ಹೊರಗಿನ ಕಾದ ಕಟ್ಟೆಯ ಮೇಲೆ ಹಾಕಿ ಕೂತರು. ಒಳಗೆ ಗನಿಸಾಬ ಏನೋ ಅಂದ, ಸಾಯಿರಾ ಬಿದ್ದುಬಿದ್ದು ನಕ್ಕಳು. ಆ ನಗು ಕೇಳಿ ರಾಯರಿಗೆ, ಆಗಲಿ ಬಿಡು ಅಮೀರ್ ಅಲಿ, ಎನಿಸಿತು. ಅರೆತೆರೆದ ಬಾಗಿಲಿನಿಂದ ಒಂದೆಳೆ ತಂಪು ಬಂದು ಅವರ ಕತ್ತಿಗೆ ತಾಕಿತು.

ಒಳಗಿನಿಂದ ಶಾರದಾಬಾಯಿಯ ದನಿ ಕೇಳಿಸಿತು. "ಏನ್ರೀ, ಬಾಗಲಾ ಪೂರಾ ಮುಂದ ಮಾಡ್ಕೋರಿ. ಗಾಳಿ ಹೊರಗ ಬಂದು ನಿಮಗ ಬಡದ್ರ ಕಾಯ್ದಾ ಮುರೀತದ."

ರಾಯರು ಎದ್ದು ಬಾಗಿಲು ಎಳೆದುಕೊಂಡರು.