ಮೂರನೇ ಮೋಡಕ್ಕೆ ಅರ್ಧ ದಿನ ರಜೆ

ಆವತ್ತು ತಾನು ಚಹಾ ಕುಡಿಯಲು ಏಳದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ ಎಂದು ಪೊಟ್ಟಣದಣ್ಣ ಮಧ್ಯಾಹ್ನ ಮೂರೂವರೆಯವರೆಗೂ ನಂಬಿದ್ದ.

ಪೊಟ್ಟಣದಣ್ಣ ಎಂಬುದು ಅವನ ಹೆಸರಲ್ಲ, ಕಸುಬು. ಆಫೀಸಿನ ನೂರಾ ಮೂವತ್ತಾರು ಕಂಪ್ಯೂಟರುಗಳಿಗೆ ಹೊಸ ಸಾಫ್ಟ್‌ವೇರ್ ಬಂದಾಗ, ಒಂದೊಂದರ ಮುಂದೆಯೂ ಕೂತು ‘ಒಪ್ಪಿಗೆಯೇ? ಮುಂದೆ ಹೋಗಲೇ?’ ಎಂಬ ಪ್ರಶ್ನೆಗಳಿಗೆ ಹೂಂಗುಟ್ಟುತ್ತಾ ಹೋದರೆ ತಲೆ ಬೆಳ್ಳಗಾಗುತ್ತದೆ. ಅದಕ್ಕೇ ಅವನು ಒಂದು ಖಾಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಮೊದಲು ಅದರ ಒಳಗನ್ನೆಲ್ಲ ಫೋಟೊ ಹಿಡಿದಂತೆ ದಾಖಲು ಮಾಡಿಕೊಳ್ಳುವುದು. ಸಾಫ್ಟ್‌ವೇರ್ ಹಾಕುವುದು. ಆಮೇಲೆ ಇನ್ನೊಂದು ಫೋಟೊ. ಎರಡರ ನಡುವೆ ಏನೇನು ಬದಲಾಯಿತೋ ಅಷ್ಟನ್ನೂ ಪೊಟ್ಟಣ ಕಟ್ಟಿ ಒಂದು ಗುಂಡಿ ಒತ್ತಿದರೆ, ನೂರಾ ಮೂವತ್ತಾರರಲ್ಲೂ ಅದು ತಾನಾಗಿ ಬಿಚ್ಚಿಕೊಂಡು ಕೂರುತ್ತಿತ್ತು. ಇದರಲ್ಲಿ ಒಂದೇ ಮಡಿ: ಎರಡು ಫೋಟೊಗಳ ನಡುವೆ ಆ ಕಂಪ್ಯೂಟರನ್ನು ಯಾರೂ ಮುಟ್ಟಕೂಡದು. ಮುಟ್ಟಿದ್ದೆಲ್ಲ ಪೊಟ್ಟಣಕ್ಕೆ ಸೇರಿಬಿಡುತ್ತದೆ.

ಆವತ್ತಿನ ಸಾಫ್ಟ್‌ವೇರ್ ರಜೆಯದು. ಇನ್ನು ಮೇಲೆ ಅದರಲ್ಲಿ ಅರ್ಜಿ ಹಾಕಿ ಮಂಜೂರಾಗದೆ ಯಾರೂ ಗೇಟು ದಾಟುವಂತಿಲ್ಲ ಎಂದು ಮೇಲಿನ ಆಫೀಸಿನ ಕಟ್ಟಪ್ಪಣೆ. “ಎಲ್ಲಾ ಕಡೆ ಸರಿಯಾಗಿ ಕೂತ್ರೆ ಮೊದಲನೇ ರಜೆ ನಿನ್ನದೇ ಕಣಪ್ಪ” ಎಂದಿದ್ದರು ಮ್ಯಾನೇಜರು.

ಆ ರಜೆ ಅವನಿಗೆ ಬೇಕೇ ಬೇಕಿತ್ತು. ನಾಲ್ಕು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕ. ಹಿಂದಿನ ಎರಡು ವರ್ಷವೂ ಅವನು ಏದುಸಿರು ಬಿಡುತ್ತಾ ಹೋಗಿ ಮುಟ್ಟುವಷ್ಟರಲ್ಲಿ ಪರದೆ ಬಿದ್ದಿತ್ತು. ಈ ಸಲ ಅವಳು ಮೂರನೇ ಮೋಡ.

“ಅಪ್ಪ, ನಂಗೆ ಒಂದೇ ಮಾತು ಇರೋದು. ‘ಗಾಳಿ ಬಂತು, ಓಡಿ!’ ಅಂತ. ನೀನು ಸ್ವಲ್ಪ ಲೇಟಾದ್ರೂ ಅದು ಆಗೋಗಿರುತ್ತೆ” ಎಂದು ಬೆಳಗ್ಗೆ ಶೂ ಹಾಕಿಕೊಳ್ಳುತ್ತಾ ಎಚ್ಚರಿಸಿದ್ದಳು.

ಮೊದಲನೇ ಫೋಟೊ ಹಿಡಿದ. ಸಾಫ್ಟ್‌ವೇರ್ ಹಾಕಿದ. ಸರಿಯಾಗಿ ತೆರೆಯುತ್ತದೋ ನೋಡೋಣವೆಂದು ಒಂದು ಅರ್ಜಿ ತುಂಬಿ ನೋಡಿದ: ಇಂದು ಮಧ್ಯಾಹ್ನ, ಅರ್ಧ ದಿನ, ಕಾರಣ ಮಗಳ ನಾಟಕ. ಆ ಕಂಪ್ಯೂಟರಿಗೆ ನೆಟ್‌ವರ್ಕ್ ಕೊಟ್ಟಿರಲಿಲ್ಲ. ‘ನೆಟ್‌ವರ್ಕ್ ಸಿಕ್ಕ ಕೂಡಲೇ ಕಳಿಸಲಾಗುವುದು’ ಎಂದು ಅದು ವಿನಯದಿಂದ ಹೇಳಿತು. ಒಳ್ಳೆಯ ಸಾಫ್ಟ್‌ವೇರ್ ಎಂದುಕೊಂಡು ಚಹಾಕ್ಕೆ ಎದ್ದ. ಬಂದು, ಪರದೆ ತುಂಬ ತೆರೆದಿದ್ದ ಸಾಫ್ಟ್‌ವೇರಿನ ಹಿಂದೆ ಏನಿದೆ ಎಂದು ನೋಡದೆ ಎರಡನೇ ಫೋಟೊ ಹಿಡಿದ, ಪೊಟ್ಟಣ ಕಟ್ಟಿದ, ಗುಂಡಿ ಒತ್ತಿದ.

ಹತ್ತು ನಿಮಿಷಕ್ಕೆ ಫೋನು ಬಡಿದುಕೊಳ್ಳತೊಡಗಿತು.

“ಪೊಟ್ಟಣದಣ್ಣ, ನನ್ನ ಕಂಪ್ಯೂಟರಲ್ಲಿ ಬೆಕ್ಕು ಕೂತಿದೆ!” ಇದು ಉಗ್ರಾಣದವನು.

“ನನ್ನ ಪರದೆ ಮೇಲೆ ಮೂರೇ ಅಕ್ಷರ ಹಿಡಿಸ್ತಿರೋದು. ಒಂದೊಂದೂ ಕುಂಬಳಕಾಯಿ ಗಾತ್ರ ಇದೆ!” ಇದು ಟಪಾಲು ವಿಭಾಗದವಳು.

ಓಡಿಹೋಗಿ ನೋಡಿದರೆ ಆಫೀಸಿನ ತುಂಬ ಒಂದೇ ಕಂದು ಬೆಕ್ಕು, ಪ್ರತಿ ಮೇಜಿನಿಂದಲೂ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಆ ಬೆಕ್ಕು ಯಾರದೆಂದು ಇಡೀ ಆಫೀಸಿಗೆ ಗೊತ್ತು. ಅವನು ನೇರವಾಗಿ ಲೆಕ್ಕದ ವಿಭಾಗದ ಹಿರಿಯಳ ಹತ್ತಿರ ಹೋದ. ಅವಳನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು.

“ಅಕ್ಕಾ, ನೀವು ನನ್ನ ಕಂಪ್ಯೂಟರ್ ಮುಟ್ಟಿದ್ರಾ?”

“ಮುಟ್ಟಿದ್ದು ಅಂದ್ರೇನು, ಸುಮ್ನೆ ಖಾಲಿ ಬಿದ್ದಿತ್ತಪ್ಪ. ಪೆನ್‌ಡ್ರೈವಲ್ಲಿ ನಮ್ಮ ಬೆಕ್ಕಿನ ಫೋಟೊ ಇತ್ತು, ದೊಡ್ಡ ಪರದೇಲಿ ನೋಡೋಣ ಅಂತ ಕೂತೆ. ಏನೋ ಒತ್ತಿದೆ, ಅದು ಅಲ್ಲೇ ಅಂಟ್ಕೊಂಡ್ತು. ಕನ್ನಡಕ ಮನೇಲಿ ಬಿಟ್ಟುಬಂದಿದ್ದೆ, ಅದಕ್ಕೆ ಅಕ್ಷರ ಸ್ವಲ್ಪ ದೊಡ್ಡದು ಮಾಡೋಕೆ ಹೋದೆ. ಆರಿಸಿ ಹಾಕಿದ್ಮೇಲೇ ಬದಲಾಗೋದು ಅಂತು, ಹಾಗೇ ಬಿಟ್ಟು ಎದ್ದುಬಂದೆ.”

“ಎರಡು ಫೋಟೊ ನಡುವೆ ಯಾರೂ ಮುಟ್ಟಬಾರ್ದು ಅಕ್ಕಾ! ಎಷ್ಟು ಸಲ ಬಡ್ಕೊಂಡಿದ್ದೀನಿ!”

“ಯಾರೂ ಅಂದ್ರೆ?”

“ಯಾರೂ ಅಂದ್ರೆ ಯಾರೂ! ನರಪಿಳ್ಳೆ ಕೂಡ!”

ಬೆಕ್ಕನ್ನು ಓಡಿಸಿ ಅಕ್ಷರ ತಗ್ಗಿಸುವ ಇನ್ನೊಂದು ಪೊಟ್ಟಣ ಕಟ್ಟಿದ. ಅವಸರದಲ್ಲಿ ಅಕ್ಷರ ಇರುವೆ ಸಾಲಿನಂತಾಯಿತು. ಈಗ ನೂರಾ ಮೂವತ್ತಾರು ಜನರೂ ಪರದೆಗೆ ಮೂಗು ತಾಗಿಸಿಕೊಂಡು ಬೈಯತೊಡಗಿದರು. ಮೂರನೇ ಪೊಟ್ಟಣಕ್ಕೆ ಅಕ್ಷರವೇನೋ ಹದಕ್ಕೆ ಬಂತು, ಆದರೆ ಉಗ್ರಾಣದವನು ಅಡ್ಡಗಟ್ಟಿ ನಿಂತ.

“ಬೆಕ್ಕು ಯಾಕೆ ತೆಗೆದೆ ಮಾರಾಯ? ಇಷ್ಟು ವರ್ಷದಲ್ಲಿ ಈ ಕಂಪ್ಯೂಟರಿಂದ ಬಂದ ಒಂದೇ ಸುಖ ಅದು.”

ಬೆಕ್ಕು ಬೇಕೆಂದವರು ನಲವತ್ತು ಜನ. ಅವರ ಮೇಜುಗಳಿಗೆಲ್ಲ ಸುತ್ತಿ ಬೆಕ್ಕನ್ನು ವಾಪಸು ಕೂರಿಸುವಷ್ಟರಲ್ಲಿ ಊಟ ತಪ್ಪಿತು, ಅಂಗಿ ಬೆವರಿನಲ್ಲಿ ತೊಯ್ದಿತು. ಹೋದ ಕಡೆಯೆಲ್ಲ ಎರಡು ಫೋಟೊಗಳ ಮಡಿಯ ಬಗ್ಗೆ ಉಪನ್ಯಾಸ ಕೊಟ್ಟ. ಲೆಕ್ಕದಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಪಾಪ ಅನ್ನಿಸಿ ಅವಳ ಕಂಪ್ಯೂಟರಿನಲ್ಲಿ ಅಕ್ಷರವನ್ನು ಮತ್ತೆ ಕೊಂಚ ದೊಡ್ಡದು ಮಾಡಿಕೊಟ್ಟು ಬಂದ.

ಮೂರೂವರೆಗೆ ಎಲ್ಲ ತಣ್ಣಗಾಯಿತು. ಇನ್ನು ಅರ್ಜಿ ಹಾಕಿ ಓಡುವುದೊಂದೇ ಬಾಕಿ ಎಂದುಕೊಳ್ಳುವಾಗ ಮ್ಯಾನೇಜರ ಕರೆ ಬಂತು.

“ಹೋಗಪ್ಪ, ಹೊರಡು. ನಿನ್ನ ರಜೆ ಮಂಜೂರು ಮಾಡಿದೀನಿ” ಎಂದರು ಪ್ರೀತಿಯಿಂದ. “ಆದ್ರೂ ಇಷ್ಟು ಆತುರ ಇರಬಾರ್ದು ಕಣೋ.”

“ನಾನಿನ್ನೂ ಅರ್ಜಿನೇ ಹಾಕಿಲ್ವಲ್ಲ ಸರ್.”

“ಹಾಕಿಲ್ವಾ? ಬೆಳಗ್ಗೆಯಿಂದ ನಿನ್ನದೇ ಬರ್ತಾ ಇತ್ತು. ಒಂದು ಮಂಜೂರು ಮಾಡ್ತೀನಿ, ಮತ್ತೆ ಅದೇ ಬರುತ್ತೆ. ನಾನು ಒತ್ತಿದ್ದು ಹೋಗಿಲ್ವೇನೋ ಅಂತ ಮತ್ತೆ ಒತ್ತಿದೆ. ಆ ಕುಂಬಳಕಾಯಿ ಅಕ್ಷರದಲ್ಲಿ ನಿನ್ನ ಹೆಸರು, ಮಂಜೂರು ಗುಂಡಿ, ಎರಡೇ ಕಾಣ್ತಿದ್ದಿದ್ದು. ಈಗ ಅಕ್ಷರ ಸರಿಯಾದ ಮೇಲೆ ನೋಡ್ತೀನಿ...” ಅವರು ಪರದೆಯನ್ನು ಅವನ ಕಡೆಗೆ ತಿರುಗಿಸಿದರು.

ಅವನ ಹೆಸರಿನಲ್ಲಿ ನೂರಾ ಮೂವತ್ತಾರು ಅರ್ಜಿಗಳಿದ್ದವು. ಎಲ್ಲ ಇಂದು ಮಧ್ಯಾಹ್ನಕ್ಕೆ. ಒಂದೊಂದಕ್ಕೆ ಅರ್ಧ ದಿನದಂತೆ ಒಟ್ಟು ಅರವತ್ತೆಂಟು ದಿನ. ಇದ್ದ ಹನ್ನೆರಡನ್ನು ನುಂಗಿ, ಮುಂದಿನ ಮೂರು ವರ್ಷದ ರಜೆಗೂ ಸಾಫ್ಟ್‌ವೇರ್ ಕೈ ಹಾಕಿತ್ತು.

ಪೊಟ್ಟಣದಣ್ಣನಿಗೆ ಆಗ ಹೊಳೆಯಿತು. ಬೆಳಗ್ಗೆ ಚಹಾಕ್ಕೆ ಏಳುವ ಮುಂಚೆ, ಎರಡು ಫೋಟೊಗಳ ನಡುವೆ, ಅವನೇ ತುಂಬಿದ ಅರ್ಜಿ. ಅದೂ ಪೊಟ್ಟಣಕ್ಕೆ ಸೇರಿ, ಹೋದ ಪ್ರತಿಯೊಂದು ಕಂಪ್ಯೂಟರಿನಲ್ಲೂ ನೆಟ್‌ವರ್ಕ್ ಸಿಕ್ಕ ಕೂಡಲೇ ವಿನಯದಿಂದ ಹೊರಟುಬಿಟ್ಟಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

“ರದ್ದು ಮಾಡೋಕಾಗಲ್ವಾ ಸರ್?”

“ಮಂಜೂರಾದ್ಮೇಲೆ ನನ್ನ ಕೈಯಲ್ಲಿಲ್ಲಪ್ಪ. ಮೇಲಿನ ಆಫೀಸಿಗೆ ಬರಿಬೇಕು, ಹದಿನೈದು ದಿನ ಆಗುತ್ತಂತೆ. ಅಲ್ಲಿವರೆಗೆ ನಿಂಗೆ ಒಂದು ಗಂಟೆ ರಜೆನೂ ಹುಟ್ಟಲ್ಲ. ಸದ್ಯ, ಇವತ್ತಿಂದು ಮಾತ್ರ ಗಟ್ಟಿ. ಓಡು!”

ಓಡಿದ. ಮೆಟ್ಟಿಲಿಳಿಯುವಾಗ ಅವನಿಗೆ ನಗುವೇ ಬಂತು. ಹೋದರೆ ಹೋಗಲಿ ಮೂರು ವರ್ಷದ ರಜೆ. ಪರದೆ ಏಳುವ ಮುಂಚೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನಲ್ಲ, ಅವಳ ಆ ಒಂದು ಮಾತನ್ನು ಈ ಕಿವಿಯಿಂದ ಕೇಳುತ್ತೇನಲ್ಲ! ಎಷ್ಟೋ ದಿನದ ಮೇಲೆ ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಬಾಗಿಲಲ್ಲಿ ಲೆಕ್ಕದಕ್ಕ ಸಿಕ್ಕಿದಾಗ, ಬೆಳಗ್ಗೆ ರೇಗಿದ್ದಕ್ಕೆ ಕ್ಷಮೆಯನ್ನೂ ಕೇಳಿದ.

“ನಾನೂ ಮುಟ್ಟಿದ್ದೆ ಅಕ್ಕಾ.”

“ಹೋಗ್ಲಿ ಬಿಡಪ್ಪ, ಮಗು ಕಾಯ್ತಿರುತ್ತೆ, ನಡಿ” ಎಂದಳು ಅವಳು.

ಗೇಟು ದಾಟಿ ರಸ್ತೆಗೆ ಕಾಲಿಟ್ಟಿದ್ದನಷ್ಟೆ, ಹೆಂಡತಿಯ ಫೋನು ಬಂತು.

“ರೀ, ನೀವು ಒದ್ದಾಡ್ಕೊಂಡು ಬರೋದೇನೂ ಬೇಡ. ಗಾಳಿ ಪಾರ್ಟು ಮಾಡೋ ಹುಡುಗಿಗೆ ಜ್ವರ ಅಂತೆ. ಬೇರೆ ಮಗುಗೆ ಮಾತು ಕಲಿಸ್ತಿದ್ದಾರೆ, ನಾಟಕ ನಾಳೆ ನಾಲ್ಕಕ್ಕಂತೆ. ತಗೊಳ್ಳಿ, ನಿಮ್ಮ ಮೋಡ ಮಾತಾಡ್ಬೇಕಂತೆ.”

ಫೋನು ಕೈ ಬದಲಾಯಿತು. ಮೂರನೇ ಮೋಡ ಉಸಿರು ಬಿಗಿಹಿಡಿದು ಹೇಳಿತು:

“ಅಪ್ಪಾ, ನಾಳೆ ಬಂದೇ ಬರ್ಬೇಕು. ಜಾಸ್ತಿ ಏನೂ ಬೇಡ, ಅರ್ಧ ದಿನ ರಜೆ ಹಾಕಿದ್ರೆ ಸಾಕು!”